ಪೇಟೆಯೂ ಪಾದಚಾರಿಯೂ



ಒಂದು ಪಟ್ಟಣದ ಯೋಗ್ಯತೆಯನ್ನು ಅಳೆಯಹೊರಟವರು ಸಾಮಾನ್ಯವಾಗಿ ಅದರ ಜನಸಂಖ್ಯೆಯನ್ನು ಎಣಿಸುತ್ತಾರೆ. ವ್ಯಾಪಾರದ ಮೊತ್ತವನ್ನು ಕೇಳುತ್ತಾರೆ. ರಸ್ತೆಗಳ ಅಗಲವನ್ನೂ ಕಟ್ಟಡಗಳ ಎತ್ತರವನ್ನೂ ನೋಡಿ ತಲೆದೂಗುತ್ತಾರೆ. ಇವು ಬೇಕಾದ ಲೆಕ್ಕಗಳೇ ಹೌದು. ಆದರೆ ಇವೆಲ್ಲಕ್ಕೂ ಮೊದಲು ಕೇಳತಕ್ಕ ಪ್ರಶ್ನೆಯೊಂದುಂಟು. ಆ ಪಟ್ಟಣದ ನಡುಭಾಗದಲ್ಲಿ, ಎಂದರೆ ಅದರ ಪೇಟೆಯಲ್ಲಿ, ಒಬ್ಬ ವೃದ್ಧೆ ಮೊಮ್ಮಗುವಿನ ಕೈ ಹಿಡಿದುಕೊಂಡು, ಅಂಜಿಕೆಯಿಲ್ಲದೆ, ಬಿಸಿಲಿಗೆ ಬಳಲದೆ, ಬೇಕೆನಿಸಿದಲ್ಲಿ ಕುಳಿತು ಸುಧಾರಿಸಿಕೊಳ್ಳುತ್ತ ಅರ್ಧ ಗಂಟೆ ನಡೆಯಬಲ್ಲಳೆ? ನಡೆಯಬಲ್ಲಳಾದರೆ ಆ ಪೇಟೆಗೆ ಉಳಿದ ಗುಣಗಳು ಒಂದೊಂದಾಗಿ ಬಂದು ಸೇರುತ್ತವೆ. ನಡೆಯಲಾರಳಾದರೆ ಎಷ್ಟು ದೀಪ ಹಚ್ಚಿದರೂ ಎಷ್ಟು ಪ್ರತಿಮೆ ನಿಲ್ಲಿಸಿದರೂ ಅದು ಹಾದುಹೋಗುವ ದಾರಿಯಾದೀತೇ ಹೊರತು ಪೇಟೆಯಾಗಲಾರದು.

ಈ ಉಪನ್ಯಾಸದಲ್ಲಿ ನಾನು ತಮ್ಮ ಪರಾಮರ್ಶೆಗೆ ಒಪ್ಪಿಸಬೇಕೆಂದಿರುವ ವಿಚಾರ ಇದೊಂದೇ: ತುಂಗಭದ್ರೆಯ ಆಸುಪಾಸಿನ ನಮ್ಮ ಪಟ್ಟಣಗಳ, ಅದರಲ್ಲಿಯೂ ಹೊಸಪೇಟೆಯ, ನಡುಪೇಟೆಯನ್ನು ಇನ್ನು ಮುಂದೆ ರೂಪಿಸುವಾಗ ನಡೆಯುವ ಮನುಷ್ಯನನ್ನೇ ಮಾನದಂಡವಾಗಿ ಇಟ್ಟುಕೊಳ್ಳಬೇಕು; ಹಾಗೆ ಮಾಡುವುದಕ್ಕೆ ಬೇಕಾದ ಮೂಲತತ್ತ್ವಗಳನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಾದದ್ದಿಲ್ಲ, ಅವು ಹನ್ನೆರಡು ಹದಿಮೂರು ಕಿಲೋಮೀಟರ್ ಆಚೆಯ ಹಂಪಿಯ ಬೀದಿಗಳಲ್ಲಿ ಇಂದಿಗೂ ಕಣ್ಣಿಗೆ ಕಾಣುವಂತಿವೆ. ವಾಹನವನ್ನು ದೂಷಿಸುವುದು ಈ ವಿಚಾರದ ಉದ್ದೇಶವಲ್ಲ. ರೋಗಿಯನ್ನು ಆಸ್ಪತ್ರೆಗೆ ಒಯ್ಯುವುದೂ, ರೈತನ ಬಾಳೆಗೊನೆಯನ್ನು ಮಾರುಕಟ್ಟೆಗೆ ತರುವುದೂ ವಾಹನವೇ. ಯಾವುದಕ್ಕೆ ಎಲ್ಲಿ ಅಗ್ರಸ್ಥಾನ ಎಂಬ ವಿವೇಕವಷ್ಟೇ ಇಲ್ಲಿ ಪ್ರಸ್ತುತ.

೧. ಹಳೆಯ ನಗರದ ಸಾಕ್ಷ್ಯ

ಇಂದಿನ ಹಂಪಿಯ ಸುತ್ತ ಹಬ್ಬಿದ್ದ ವಿಜಯನಗರವನ್ನು ಒಂದು ನಗರವೆಂದು ಹೇಳುವುದು ರೂಢಿಯಾದರೂ ಅದು ವಾಸ್ತವವಾಗಿ ಹಲವು ಪುರಗಳ ಸಮುದಾಯವಾಗಿದ್ದಿತು. ಉದಯಗಿರಿಯ ವಿಜಯದ ತರುವಾಯ ೧೫೧೫ರಲ್ಲಿ ಕೃಷ್ಣದೇವರಾಯನು ಬಾಲಕೃಷ್ಣನನ್ನು ಪ್ರತಿಷ್ಠಿಸಿದಾಗ ದೇವಾಲಯದೊಡನೆ ಕೃಷ್ಣಾಪುರವೂ ಅದರ ಅಂಗಡಿಬೀದಿಯೂ ಹುಟ್ಟಿದವು. ೧೫೨೪ರಲ್ಲಿ ಅನಂತಶಯನನ ಗುಡಿಯ ಸುತ್ತ ಇನ್ನೊಂದು ಪುರವು ತಲೆಯೆತ್ತಿತು. ಅಚ್ಯುತರಾಯನ ಕಾಲದಲ್ಲಿ, ೧೫೩೪ರಲ್ಲಿ, ತಿರುವೆಂಗಳನಾಥನ ದೇವಾಲಯದ ಮುಂದೆ ಅಚ್ಯುತನ ಹೆಸರಿನ ಪೇಟೆಯು ಹಬ್ಬಿತು. ನಾಗಲಾಪುರವೆಂಬ ಹೆಸರಿನಿಂದ ಕೃಷ್ಣದೇವರಾಯನು ಕಟ್ಟಿಸಿದ ಹೊಸಪೇಟೆಯೂ ಈ ಮಾಲೆಗೆ ಸೇರಿದ ಊರೇ. ಆದುದರಿಂದ ಹೊಸಪೇಟೆಯು ಹಂಪಿಯ ಪ್ರವಾಸಿಗಳು ತಂಗುವ ಒಂದು ನಿಲುಗಡೆಯೆಂದು ಭಾವಿಸುವುದು ಚರಿತ್ರೆಗೆ ಸಲ್ಲದ ಮಾತು. ಅದು ಆ ನಗರಸಮುದಾಯದಲ್ಲಿ ಇಂದಿಗೂ ಜನದಿಂದ ತುಂಬಿ ಉಳಿದಿರುವ ಅಂಗ.

ಈ ಪುರಗಳ ವಿನ್ಯಾಸದಲ್ಲಿ ಒಂದು ಕ್ರಮವು ಮತ್ತೆ ಮತ್ತೆ ಕಾಣುತ್ತದೆ. ಮೊದಲು ಒಂದು ದೇವಾಲಯ. ಅದರ ಗೋಪುರದಿಂದ ನೇರವಾಗಿ ಹೊರಟ ಅಗಲವಾದ ಬೀದಿ. ಬೀದಿಯ ಎರಡು ಮಗ್ಗುಲಿಗೂ ಕಲ್ಲುಕಂಬದ ಮಂಟಪಗಳ ಸಾಲು. ಬೀದಿಗೆ ಹೊಂದಿಕೊಂಡಂತೆ ಒಂದು ಪುಷ್ಕರಣಿ. ವಿರೂಪಾಕ್ಷನ ಬೀದಿ ಗೋಪುರದ ಬುಡದಿಂದ ಎದುರುಬಸವಣ್ಣನವರೆಗೆ ಸುಮಾರು ಮುಕ್ಕಾಲು ಕಿಲೋಮೀಟರ್. ವಿಠ್ಠಲನ ಬೀದಿ ಒಂದು ಕಿಲೋಮೀಟರಿಗೆ ಸ್ವಲ್ಪ ಕಡಮೆ. ಎಂದರೆ ಸಾಧಾರಣ ನಡಿಗೆಯವನಿಗೆ ಹತ್ತು ಹದಿನೈದು ನಿಮಿಷದ ದಾರಿ. ರಥದ ಅಗಲವು ಬೀದಿಯ ಅಗಲವನ್ನು ನಿರ್ಣಯಿಸಿತು. ಮನುಷ್ಯನ ಕಾಲು ಬೀದಿಯ ಉದ್ದವನ್ನು ನಿರ್ಣಯಿಸಿತು. ವರ್ಷದಲ್ಲಿ ಕೆಲವೇ ದಿನ ದೇವರ ತೇರಿಗೆ ಬಿಟ್ಟುಕೊಡಬೇಕಾದ ಸ್ಥಳವು ಉಳಿದ ದಿನಗಳಲ್ಲೆಲ್ಲ ಜನರ ನಡಿಗೆಗೆ, ಕ್ರಯವಿಕ್ರಯಕ್ಕೆ, ಸಲ್ಲಾಪಕ್ಕೆ ಒದಗುತ್ತಿದ್ದಿತು.

ಆ ಮಂಟಪಗಳಲ್ಲಿ ಒಂದರ ಬಳಿ ನಿಂತು ನಿಧಾನವಾಗಿ ನೋಡೋಣ. ಬೀದಿಯ ಮಟ್ಟದಿಂದ ಮೇಲೆದ್ದ ಜಗಲಿ. ಅದರ ಅಂಚಿಗೆ ಒರಟಾಗಿ ಕೆತ್ತಿದ ಕಣಶಿಲೆಯ ಕಂಬಗಳು. ಕಂಬಗಳ ಮೇಲೆ ಅಡ್ಡತೊಲೆ, ತೊಲೆಯ ಮೇಲೆ ಚಪ್ಪಡಿಯ ಮಾಡು. ಕೆಲವೆಡೆ ಅದರ ಮೇಲೊಂದು ಅಂತಸ್ತು. ಜಗಲಿಯ ತುದಿಯಲ್ಲಿ ಕುಳಿತವನು ಕಾಲನ್ನು ಬೀದಿಗೆ ಇಳಿಬಿಟ್ಟುಕೊಂಡು ಹೋಗಿಬರುವವರನ್ನು ಮಾತನಾಡಿಸಬಹುದು. ಅವನ ಬೆನ್ನ ಹಿಂದೆ ಸರಕನ್ನು ಹರಡಬಹುದು. ಕತ್ತಲಾದ ಮೇಲೆ ಅಲ್ಲಿಯೇ ಯಾತ್ರಿಕನೊಬ್ಬನು ಮಲಗಬಹುದು. ನೆರಳು, ಆಸನ, ಅಂಗಡಿ, ಆಶ್ರಯ ಈ ನಾಲ್ಕನ್ನೂ ಒಂದೇ ರಚನೆಯಲ್ಲಿ ಒದಗಿಸಿದ ಆ ಅನಾಮಧೇಯ ಶಿಲ್ಪಿಗೆ ಈ ಸೀಮೆಯ ಬೇಸಗೆ ಚೆನ್ನಾಗಿ ಗೊತ್ತಿದ್ದಿತು. ನಾಲ್ವತ್ತು ಡಿಗ್ರಿಯ ಹತ್ತಿರ ಹತ್ತಿರಕ್ಕೆ ಏರುವ ಚೈತ್ರ ವೈಶಾಖಗಳ ಬಿಸಿಲಿನಲ್ಲಿ ನೆರಳಿಲ್ಲದ ಬೀದಿಯು ಮಧ್ಯಾಹ್ನಕ್ಕೆ ನಿರ್ಜನವಾಗುತ್ತದೆಂಬುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಪರದೇಶಿ ಪ್ರವಾಸಿಗಳ ಬರೆಹಗಳು ಬೀದಿಗಳು ಹೀಗೆ ಜನರಿಗೆ ಒದಗುತ್ತಿದ್ದುದನ್ನೇ ಸಮರ್ಥಿಸುತ್ತವೆ. ೧೪೪೩ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕನು ಇಲ್ಲಿಯ ಅಗಲವಾದ ಬಜಾರುಗಳನ್ನೂ, ಎಲ್ಲೆಲ್ಲಿಯೂ ಮಾರುತ್ತಿದ್ದ ಗುಲಾಬಿ ಹೂವುಗಳನ್ನೂ, ನಯಗೊಳಿಸಿದ ಕಲ್ಲಿನ ಕಾಲುವೆಗಳಲ್ಲಿ ಹರಿಯುವ ನೀರನ್ನೂ ಕಂಡು ಬೆರಗಾದನು. ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸನಾದ ಡೊಮಿಂಗೊ ಪಾಯಸನು ವರ್ತಕರ ಬೀದಿಯಲ್ಲಿ ಸಂಜೆಸಂಜೆಗೆ ಕೂಡುತ್ತಿದ್ದ ಸಂತೆಯನ್ನೂ, ವಾರದ ಬೇರೆ ಬೇರೆ ದಿನಗಳಲ್ಲಿ ನಗರದ ಬೇರೆ ಬೇರೆ ಭಾಗಗಳಲ್ಲಿ ನೆರೆಯುತ್ತಿದ್ದ ಸಂತೆಗಳನ್ನೂ ವರ್ಣಿಸಿದ್ದಾನೆ. ಹೊತ್ತಿಗೊಂದು ವ್ಯಾಪಾರ, ದಿನಕ್ಕೊಂದು ನೆರವಿ: ಇದು ಬೀದಿಯನ್ನು ಜೀವಂತವಾಗಿಡುವ ಪುರಾತನ ಉಪಾಯ. ಇನ್ನೂ ಹಿಂದಕ್ಕೆ ಹೋದರೆ, ಕೌಟಿಲ್ಯನ ಅರ್ಥಶಾಸ್ತ್ರವು ದುರ್ಗನಿವೇಶ ಪ್ರಕರಣದಲ್ಲಿ ರಾಜಮಾರ್ಗಕ್ಕೂ ರಥಪಥಕ್ಕೂ ಅಗಲವನ್ನು ಗೊತ್ತುಮಾಡುವುದರೊಂದಿಗೆ ಮನುಷ್ಯಪಥಕ್ಕೂ ಎರಡು ಅರತ್ನಿಗಳ, ಎಂದರೆ ಎರಡು ಮೊಳಗಳ, ಅಳತೆಯನ್ನು ವಿಧಿಸುತ್ತದೆ. ಬೀದಿಯಲ್ಲಿ ಧೂಳು ಸುರಿದವನಿಗೂ ಕೆಸರುನೀರು ನಿಲ್ಲಿಸಿದವನಿಗೂ ದಂಡವನ್ನು ಹೇಳಿ, ಅದೇ ಅಪರಾಧವು ರಾಜಮಾರ್ಗದಲ್ಲಿ ನಡೆದರೆ ದಂಡವು ಇಮ್ಮಡಿಯೆನ್ನುತ್ತದೆ. ನಡೆಯುವವನ ದಾರಿಯನ್ನು ಅಳತೆಯಿಟ್ಟು ಕಾಯಬೇಕೆಂಬ ಪ್ರಜ್ಞೆ ನಮ್ಮಲ್ಲಿ ಇಂದು ನಿನ್ನೆಯದಲ್ಲ.

ಹೀಗೆಂದ ಮಾತ್ರಕ್ಕೆ ಪ್ರಾಚೀನವನ್ನು ಸಾರಾಸಗಟಾಗಿ ಕೊಂಡಾಡಬೇಕಾದುದಿಲ್ಲ. ನಮ್ಮ ಹಳೆಯ ಬೀದಿಗಳು ಎಲ್ಲರಿಗೂ ತೆರೆದಿರಲಿಲ್ಲ. ಕೇರಳದ ವೈಕಂನ ದೇವಾಲಯದ ಸುತ್ತಣ ಬೀದಿಗಳಲ್ಲಿ ನಡೆಯುವ ಹಕ್ಕಿಗಾಗಿಯೇ ೧೯೨೪ರಲ್ಲಿ ಸತ್ಯಾಗ್ರಹ ನಡೆಯಬೇಕಾಯಿತೆಂಬುದನ್ನು ನಾವು ಮರೆಯಲಾಗದು. ಆದಕಾರಣ ಹಳೆಯ ನಗರದಿಂದ ನಾವು ಪಡೆಯಬೇಕಾದದ್ದು ಅದರ ನೆರಳನ್ನು, ಅದರ ನೀರನ್ನು, ಅದರ ಅಳತೆಯ ವಿವೇಕವನ್ನು. ಅದಕ್ಕೆ ನಾವು ಸೇರಿಸಬೇಕಾದದ್ದು ಸರ್ವಸಮಾನವಾದ ಪ್ರವೇಶವನ್ನು. ಯಾರೂ ಯಾರನ್ನೂ ಕೇಳದೆ, ಕಾಸು ಕೊಡದೆ ಕಾಲಿಡಬಹುದಾದ ಸ್ಥಳವೆಂದರೆ ಪಟ್ಟಣದಲ್ಲಿ ಬೀದಿಯೊಂದೇ. ಆದ್ದರಿಂದ ಬೀದಿಯ ಪ್ರಶ್ನೆಯು ಪ್ರಜಾಪ್ರಭುತ್ವದ ಪ್ರಶ್ನೆಯೂ ಹೌದು.

೨. ಪೇಟೆಯು ದಾರಿಯಾದ ಬಗೆ

ಹೊಸಪೇಟೆಯ ಈಚಿನ ಚರಿತ್ರೆಯು ಒಂದರ ಮೇಲೊಂದು ಬಂದ ಹೊರೆಗಳ ಚರಿತ್ರೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ರೈಲು ಬಂದಿತು. ನಿಲ್ದಾಣಕ್ಕೂ ಹಳೆಯ ಊರಿಗೂ ನಡುವೆ ಸ್ಟೇಷನ್ ರೋಡು ಬೆಳೆಯಿತು. ೧೯೪೫ರಲ್ಲಿ ತುಂಗಭದ್ರೆಗೆ ಅಣೆಕಟ್ಟಿನ ಶಂಕುಸ್ಥಾಪನೆಯಾಗಿ, ೧೯೫೩ರಲ್ಲಿ ಕಾಲುವೆಗಳಿಗೆ ನೀರು ಹರಿಯುವ ಹೊತ್ತಿಗೆ ಈ ಊರು ಒಂದು ಮಹಾನಿರ್ಮಾಣದ ನೆಲೆಯಾಗಿದ್ದಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಬಳ್ಳಾರಿ ಜಿಲ್ಲೆಯ ಈ ಭಾಗವು ಮದ್ರಾಸಿನಿಂದ ಮೈಸೂರಿಗೆ ಬಂದು ಸೇರಿತು. ೨೦೧೧ರ ಜನಗಣತಿಯ ವೇಳೆಗೆ ಊರಿನ ಜನಸಂಖ್ಯೆ ಎರಡು ಲಕ್ಷವನ್ನು ದಾಟಿದ್ದಿತು. ೨೦೨೧ರಲ್ಲಿ ವಿಜಯನಗರ ಜಿಲ್ಲೆಯು ರಚಿತವಾಗಿ ಹೊಸಪೇಟೆ ಜಿಲ್ಲಾಕೇಂದ್ರವಾಯಿತು. ಅದರೊಡನೆ ಕಚೇರಿಗಳೂ, ಕಚೇರಿಗಳಿಗೆ ಬರುವ ಜನರೂ, ಜನರನ್ನು ತರುವ ಬಂಡಿಗಳೂ ಬಂದವು.

ಇವುಗಳ ನಡುವೆ ಬಂದ ಅದಿರಿನ ಅಧ್ಯಾಯವು ಬೇರೆಯಾಗಿಯೇ ಹೇಳತಕ್ಕದ್ದು. ಈ ಶತಮಾನದ ಆರಂಭದ ವರ್ಷಗಳಲ್ಲಿ ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಏರಿದಾಗ ಸಂಡೂರಿನ ಬೆಟ್ಟಗಳಿಂದ ಹೊರಟ ಲಾರಿಗಳ ಸಾಲಿಗೆ ಹಗಲುರಾತ್ರಿಯೆಂಬ ಭೇದವಿರಲಿಲ್ಲ. ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಗಣಿಗಾರಿಕೆಯನ್ನು ತಡೆಯುವವರೆಗೆ ಸಂಡೂರಿನ, ಹೊಸಪೇಟೆಯ ದಾರಿಗಳು ಕೆಂಪು ಧೂಳಿನಲ್ಲಿ ಮುಳುಗಿದ್ದವು. ಗಿಡಮರಗಳ ಎಲೆಯ ಮೇಲೆ ಕುಳಿತ ಆ ಧೂಳನ್ನು ಮಳೆ ತೊಳೆಯಿತು. ಆದರೆ ರಸ್ತೆಯೆಂದರೆ ಭಾರದ ಸರಕು ವೇಗವಾಗಿ ಸಾಗುವ ಸಾಧನವೆಂದು ಅಂದು ನಮ್ಮ ಬುದ್ಧಿಗೆ ಹತ್ತಿದ ಅಭ್ಯಾಸವು ಅಷ್ಟು ಸುಲಭವಾಗಿ ತೊಳೆದುಹೋಗಿಲ್ಲ. ಹೆದ್ದಾರಿಗೆ ಯೋಗ್ಯವಾದ ಆ ಕಲ್ಪನೆಯನ್ನು ನಾವು ಪೇಟೆಯ ಬೀದಿಗೂ ತಂದು ಹಚ್ಚಿದೆವು. ಅಗಲೀಕರಣವೆಂಬ ಒಂದೇ ಔಷಧವನ್ನು ಎಲ್ಲ ಬೀದಿಗಳಿಗೂ ಬರೆದುಕೊಟ್ಟೆವು. ಅಗಲವಾದ ರಸ್ತೆಯಲ್ಲಿ ವೇಗ ಹೆಚ್ಚಿತು; ವೇಗ ಹೆಚ್ಚಿದಲ್ಲಿ ದಾಟುವುದು ಕಷ್ಟವಾಯಿತು; ದಾಟುವುದು ಕಷ್ಟವಾದಲ್ಲಿ ಇತ್ತಣ ಅಂಗಡಿಗೂ ಅತ್ತಣ ಅಂಗಡಿಗೂ ಇದ್ದ ಸಂಬಂಧ ಕಡಿಯಿತು.

ಈಗ ಬಸ್ಸಿನಿಂದ ಇಳಿದು ಮೇನ್ ಬಜಾರಿಗೆ ನಡೆದು ಹೊರಟ ಒಬ್ಬ ಹೆಣ್ಣುಮಗಳನ್ನು ಮನಸ್ಸಿನಲ್ಲಿ ತಂದುಕೊಳ್ಳಿ. ಕೈಯಲ್ಲೊಂದು ಚೀಲ, ಸೊಂಟದಲ್ಲೊಂದು ಕೂಸು. ಚರಂಡಿಯ ಮೇಲೆ ಮುಚ್ಚಿದ ಚಪ್ಪಡಿಗಳೇ ಅವಳ ಕಾಲುದಾರಿ. ನಾಲ್ಕು ಚಪ್ಪಡಿ ನೆಟ್ಟಗಿದ್ದರೆ ಐದನೆಯದು ಕುಸಿದಿದೆ. ಅದನ್ನು ಬಳಸಿ ಮುಂದೆ ಹೋದರೆ ವಿದ್ಯುತ್ ಪರಿವರ್ತಕದ ಕಟ್ಟೆ. ಅದನ್ನು ಬಳಸಿದರೆ ನಿಲ್ಲಿಸಿದ ಮೋಟಾರ್ ಸೈಕಲ್ಲುಗಳ ಸಾಲು. ಆಮೇಲೆ ಅಂಗಡಿಯವನು ಹೊರಗೆ ಚಾಚಿದ ಮೂರು ಮೆಟ್ಟಿಲು. ನೂರು ಹೆಜ್ಜೆ ನಡೆಯುವಷ್ಟರಲ್ಲಿ ಹಲವು ಸಲ ಅವಳು ರಸ್ತೆಗೆ ಇಳಿಯಬೇಕು, ಇಳಿದಾಗಲೆಲ್ಲ ಹಿಂದಿನಿಂದ ಹಾರ್ನು. ಇಷ್ಟು ಕಷ್ಟಪಟ್ಟು ಪೇಟೆಗೆ ಬಂದವಳು ಬೇಕಾದ ಒಂದು ಸಾಮಾನನ್ನು ಕೊಂಡು ಹಿಂದಿರುಗುತ್ತಾಳೆಯೇ ಹೊರತು ಬಟ್ಟೆಯಂಗಡಿಯ ಮುಂದೆ ನಿಲ್ಲುವುದಿಲ್ಲ, ಬಳೆಯಂಗಡಿಗೆ ಇಣುಕುವುದಿಲ್ಲ, ಕೂಸಿಗೆ ತಿಂಡಿ ಕೊಡಿಸುವುದಿಲ್ಲ. ಪೇಟೆಯು ಕಳೆದುಕೊಂಡ ವ್ಯಾಪಾರದ ಲೆಕ್ಕವು ಯಾವ ಖಾತೆಯ ಪುಸ್ತಕದಲ್ಲಿಯೂ ಬರುವುದಿಲ್ಲ. ಆದರೆ ನಷ್ಟ ನಿಜವಾದುದು.

೩. ನಾಲ್ಕು ತತ್ತ್ವಗಳು

ಮೊದಲನೆಯ ತತ್ತ್ವವು ಸ್ಥಳವಿಭಜನೆಯದು. ಬೀದಿಯ ಅಗಲವೆಷ್ಟೇ ಇರಲಿ, ಅದರಲ್ಲಿ ನಡೆಯುವವರ ಪಾಲನ್ನು ಮೊದಲು ತೆಗೆದಿಟ್ಟು, ಉಳಿದುದನ್ನು ವಾಹನಗಳಿಗೆ ಹಂಚತಕ್ಕದ್ದು. ಈಗ ನಡೆಯುತ್ತಿರುವುದು ಇದಕ್ಕೆ ವಿಪರ್ಯಯವಾಗಿ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯ ಪ್ರಕಾರ ಕಾಲುದಾರಿಯಲ್ಲಿ ಯಾವ ಅಡ್ಡಿಯೂ ಇಲ್ಲದ ನಡಿಗೆಯ ಅಗಲವು ೧.೮ ಮೀಟರಿಗೆ ಕಡಮೆಯಿರಕೂಡದು, ಅಂಗಡಿಬೀದಿಗಳಲ್ಲಿ ಅದಕ್ಕಿಂತ ಹೆಚ್ಚಾಗಿರಬೇಕು. ಅದರ ಅಂಚಿನ ಕಲ್ಲು ೧೫೦ ಮಿಲಿಮೀಟರಿಗಿಂತ ಎತ್ತರವಾಗಿರಕೂಡದು. ಎರಡು ಗಾಲಿಕುರ್ಚಿಗಳು ಎದುರುಬದುರಾಗಿ ಬಂದರೂ ಸರಾಗವಾಗಿ ಹಾಯಬೇಕೆಂಬುದು ಆ ಅಗಲದ ತಾತ್ಪರ್ಯ. ಇದು ಔದಾರ್ಯದ ವಿಷಯವೂ ಅಲ್ಲ: ಅಂಗವಿಕಲರ ಹಕ್ಕುಗಳ ೨೦೧೬ರ ಕಾಯಿದೆಯು ಸಾರ್ವಜನಿಕ ಸ್ಥಳಗಳನ್ನು ಎಲ್ಲರಿಗೂ ಸುಗಮಗೊಳಿಸಬೇಕೆನ್ನುತ್ತದೆ, ಯೋಗ್ಯವಾದ ಕಾಲುದಾರಿಯು ಸಂವಿಧಾನದ ೨೧ನೆಯ ಅನುಚ್ಛೇದವು ಕೊಟ್ಟ ಜೀವಿಸುವ ಹಕ್ಕಿನ ಭಾಗವೆಂದು ಸರ್ವೋಚ್ಚ ನ್ಯಾಯಾಲಯವು ೨೦೨೫ರಲ್ಲಿ ಹೇಳಿದೆ.

ಎರಡನೆಯದು ನೆರಳು. ಶೀತದೇಶಗಳ ನಗರಶಾಸ್ತ್ರದ ಗ್ರಂಥಗಳಲ್ಲಿ ಬಿಸಿಲನ್ನು ಬೀದಿಗೆ ಬರಮಾಡಿಕೊಳ್ಳುವ ಉಪಾಯಗಳು ವಿಸ್ತಾರವಾಗಿರುತ್ತವೆ. ನಮಗೆ ಬೇಕಾದುದು ಅದನ್ನು ತಡೆಯುವ ಉಪಾಯ. ಬೇವು, ಹೊಂಗೆ, ಹುಣಿಸೆ, ಅರಳಿ ಇವು ಈ ನೆಲಕ್ಕೆ ಒಗ್ಗಿದ ಮರಗಳು. ರಸ್ತೆ ಅಗಲವಾಗುವಾಗ ಮೊದಲು ಬೀಳುವುದು ಮರ, ಕೊನೆಗೆ ನೆನಪಾಗುವುದೂ ಮರ. ಇಕ್ಕಟ್ಟಾದ ಹಳೆಯ ಬೀದಿಗಳಲ್ಲಿ ಮರಕ್ಕೆ ಸ್ಥಳವಿಲ್ಲವಾದರೆ ಅಂಗಡಿಗಳ ಮುಂದೆ ಒಂದೇ ಎತ್ತರದ ಸಾಲುಮಾಡನ್ನು ಕಟ್ಟಬಹುದು. ಹಂಪಿಯ ಮಂಟಪದ ಸಾಲು ಕಲ್ಲಿನಲ್ಲಿ ಮಾಡಿದ ಕೆಲಸವನ್ನು ನಮ್ಮ ಕಾಲದ ಸಾಮಗ್ರಿಯಿಂದ ಮಾಡಬಹುದು. ನೂರು ನೂರೈವತ್ತು ಹೆಜ್ಜೆಗೊಂದು ಕಟ್ಟೆ, ಕುಡಿಯುವ ನೀರು, ಹೆಣ್ಣುಮಕ್ಕಳಿಗೆ ಸಂಕೋಚವಿಲ್ಲದೆ ಬಳಸಬಹುದಾದ ಶೌಚಾಲಯ: ಇವು ಅಲಂಕಾರಗಳಲ್ಲ, ಇವಿಲ್ಲದ ಪೇಟೆಯಲ್ಲಿ ಅರ್ಧದಷ್ಟು ಜನ ಬೇಗ ಮನೆಗೆ ಹೊರಡುತ್ತಾರೆ.

ಮೂರನೆಯದು ಮಿಶ್ರಣ. ಅಮೆರಿಕದ ಲೇಖಕಿ ಜೇನ್ ಜೇಕಬ್ಸರು ೧೯೬೧ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಬೀದಿಯ ಚೈತನ್ಯಕ್ಕೆ ಹಲವು ಬಗೆಯ ಉಪಯೋಗಗಳ ಕೂಟ, ಗಿಡ್ಡವಾದ ಓಣಿಗಳು, ಹೊಸ ಕಟ್ಟಡಗಳೊಡನೆ ಬೆರೆತ ಹಳೆಯ ಕಟ್ಟಡಗಳು, ಸಾಕಷ್ಟು ಜನಸಾಂದ್ರತೆ ಇವು ಕಾರಣವೆಂದು ವಾದಿಸಿದರು. ಆಕೆ ಬೇಡುತ್ತಿದ್ದ ಈ ಸಾಮಗ್ರಿಯೆಲ್ಲ ನಮ್ಮ ಹಳೆಯ ಪೇಟೆಗಳಲ್ಲಿ ಸಹಜವಾಗಿಯೇ ಇದೆ. ಕೆಳಗೆ ಕಿರಾಣಿ ಅಂಗಡಿ, ಮೇಲೆ ಮನೆ; ಪಕ್ಕದಲ್ಲಿ ಗುಡಿ, ಎದುರಿಗೆ ದರ್ಜಿ, ಮೂಲೆಯಲ್ಲಿ ಮಂಡಕ್ಕಿ ಮೆಣಸಿನಕಾಯಿಯ ಒಲೆ. ಮೇಲಿನ ಮನೆಯ ಕಿಟಕಿಯಲ್ಲಿ ದೀಪವಿರುವ ಬೀದಿಯಲ್ಲಿ ರಾತ್ರಿ ಒಬ್ಬಳೇ ನಡೆದು ಬರುವವಳಿಗೆ ಧೈರ್ಯವಿರುತ್ತದೆ. ವಾಸದ ಮನೆಗಳನ್ನೆಲ್ಲ ಹೊರಬಡಾವಣೆಗಳಿಗೂ, ಕಚೇರಿಗಳನ್ನೆಲ್ಲ ಊರ ಹೊರಗಿನ ಮೈದಾನಗಳಿಗೂ ಕಳಿಸಿದರೆ ನಡುಪೇಟೆಯು ಹಗಲು ಉಗ್ರಾಣವಾಗಿಯೂ ರಾತ್ರಿ ಶೂನ್ಯವಾಗಿಯೂ ಪರಿಣಮಿಸುತ್ತದೆ. ಜಿಲ್ಲಾಕೇಂದ್ರವಾದ ಹೊಸಪೇಟೆಗೆ ಈ ಎಚ್ಚರಿಕೆ ಇಂದೇ ಸಲ್ಲಬೇಕಾದುದು: ಜನರು ದಿನವೂ ಎಡತಾಕುವ ಕೆಲವು ಕಚೇರಿಗಳಾದರೂ, ಗ್ರಂಥಾಲಯವಾದರೂ, ಸಭಾಭವನವಾದರೂ ನಡೆದು ಮುಟ್ಟಬಹುದಾದ ದೂರದಲ್ಲಿ ಉಳಿಯಲಿ.

ನಾಲ್ಕನೆಯದು ಕನಿಷ್ಠ ಛೇದನ. ನಮ್ಮ ಬಳ್ಳಾರಿ ಸೀಮೆಯೂ ಆಗ ಸೇರಿದ್ದ ಮದ್ರಾಸು ಪ್ರಾಂತದ ಪಟ್ಟಣಗಳನ್ನು ೧೯೧೪-೧೫ರಲ್ಲಿ ಪರಿಶೀಲಿಸಿದ ಸ್ಕಾಟ್ಲೆಂಡಿನ ವಿದ್ವಾಂಸ ಪ್ಯಾಟ್ರಿಕ್ ಗೆಡಿಸ್ ಅವರು, ಹಳೆಯ ಕೇರಿಗಳನ್ನು ಕೆಡವಿ ನೇರವಾದ ದೊಡ್ಡ ರಸ್ತೆಗಳನ್ನು ಎಳೆಯುವ ಅಂದಿನ ಎಂಜಿನಿಯರುಗಳ ಪದ್ಧತಿಯನ್ನು ಖಂಡಿಸಿದರು. ಬಿದ್ದ ಮನೆಯಿರುವಲ್ಲಿ ಒಂದು ಬಯಲು, ಇಕ್ಕಟ್ಟಿರುವಲ್ಲಿ ಒಂದಿಷ್ಟು ಹಿಗ್ಗು, ಮರವಿರುವಲ್ಲಿ ಒಂದು ಕಟ್ಟೆ: ಹೀಗೆ ಊರಿನ ದೇಹಕ್ಕೆ ನೋವಾಗದಂತೆ ಚಿಕಿತ್ಸೆ ಮಾಡಬೇಕೆಂದೂ, ಅದಕ್ಕೆ ಮೊದಲು ವೈದ್ಯನು ಊರೆಲ್ಲ ನಡೆದು ನೋಡಬೇಕೆಂದೂ ಅವರ ಮತ. ಶತಮಾನ ಕಳೆದರೂ ಈ ಮತಕ್ಕೆ ಮುಪ್ಪು ಬಂದಿಲ್ಲ.

೪. ನೀರಿನ ಅಂಚು

ಹೊಸಪೇಟೆಯನ್ನು ನದೀತೀರದ ಪಟ್ಟಣವೆಂದು ಕರೆಯುವಾಗ ನಾವು ಒಂದು ಸಂಗತಿಯನ್ನು ಗಮನಿಸಬೇಕು. ನದಿಯು ನಮ್ಮ ಪೇಟೆಯ ಪಕ್ಕದಲ್ಲಿ ಹರಿಯುವುದಿಲ್ಲ. ಅಣೆಕಟ್ಟೂ ಹೊಳೆಯೂ ಊರ ನಡುಭಾಗದಿಂದ ದೂರದಲ್ಲಿವೆ. ಆದರೆ ನದಿಯ ನೀರು ಊರೊಳಗೇ ಬರುತ್ತದೆ. ವಿಜಯನಗರದ ಅರಸರ ಕಾಲದ ಬಸವಣ್ಣ ಕಾಲುವೆ, ರಾಯ ಕಾಲುವೆಗಳು ಇಂದಿಗೂ ಜೀವಂತವಾಗಿವೆ. ಹಳೆಯ ಒಡ್ಡುಗಳ ಬದಲು ಈಗ ಜಲಾಶಯದಿಂದ ನೀರು ಪಡೆದು, ಬಾಳೆ, ಕಬ್ಬು, ಭತ್ತದ ಹೊಲಗಳನ್ನು ತಣಿಸುತ್ತಿವೆ. ಹೊಸಪೇಟೆಯ ನಿಜವಾದ ನದೀತೀರವೆಂದರೆ ಈ ಕಾಲುವೆಯ ದಂಡೆ. ಐನೂರು ವರ್ಷಗಳಷ್ಟು ಹಳೆಯದಾದ, ವರ್ಷದ ಹೆಚ್ಚಿನ ತಿಂಗಳು ನೀರು ಹರಿಯುವ ಕಾಲುವೆಯೊಂದು ಪೇಟೆಯ ಮಗ್ಗುಲಲ್ಲಿರುವ ಪಟ್ಟಣಗಳು ನಾಡಿನಲ್ಲಿ ಎಷ್ಟಿದ್ದಾವು? ಆದರೆ ಇಂಥ ಭಾಗ್ಯಕ್ಕೆ ನಾವು ಬೆನ್ನು ತಿರುಗಿಸಿದ್ದೇವೆ. ಮನೆಗಳ ಹಿತ್ತಿಲು ಅದರ ಕಡೆಗೆ, ಕಸದ ರಾಶಿ ಅದರ ಅಂಚಿಗೆ, ಚರಂಡಿಯ ಬಾಯಿ ಅದರೊಳಕ್ಕೆ.

ಮಾಡಬೇಕಾದದ್ದು ದುಸ್ಸಾಧ್ಯವೇನೂ ಅಲ್ಲ. ಚರಂಡಿಯನ್ನು ಕಾಲುವೆಯಿಂದ ಬೇರ್ಪಡಿಸುವುದು ಪ್ರಥಮ ಕಾರ್ಯ. ಅದಾಗದೆ ಉಳಿದುದೆಲ್ಲ ವ್ಯರ್ಥಾಲಂಕಾರ. ಅನಂತರ ದಂಡೆಯ ಮೇಲೆ ಮರಗಳ ಸಾಲು, ನಡೆಯಲೂ ಸೈಕಲ್ ತುಳಿಯಲೂ ಒಂದು ದಾರಿ, ಮಕ್ಕಳು ಬೀಳದಂತೆ ತಗ್ಗಾದ ಕಟ್ಟೆ, ಅಲ್ಲಲ್ಲಿ ಇಳಿಯಲು ಮೆಟ್ಟಿಲು. ಕಾಲುವೆಯು ಮೊದಲು ರೈತನದು. ಅವನ ನೀರಿನ ಸರದಿಗೂ, ದುರಸ್ತಿಯ ಗಾಡಿಗೂ ಅಡಚಣೆಯಾಗದಂತೆಯೇ ಇದೆಲ್ಲ ನಡೆಯಬೇಕು. ಸಿಮೆಂಟಿನ ಹೊದಿಕೆಯೇ ಅಭಿವೃದ್ಧಿಯೆಂದು ತಿಳಿದು ಹಳೆಯ ಕಲ್ಲಿನ ಕಟ್ಟಡವನ್ನು ಮರೆಮಾಡುವ ಆತುರವೂ ಕೂಡದು.

ನದಿಗೆ ನೇರವಾಗಿ ಮುಖಮಾಡಿ ನಿಂತಿರುವ ಪಟ್ಟಣ ಕಂಪ್ಲಿ. ವಿಜಯನಗರಕ್ಕಿಂತಲೂ ಹಳೆಯದಾದ, ಅರಸನಾದ ಕಂಪಿಲರಾಯನ ಹೆಸರಿನೊಡನೆ ಕೂಡಿಕೊಂಡ ಆ ಊರಿಗೆ ಕೋಟೆಯುಂಟು, ಹೊಳೆಯುಂಟು, ಆಚೆಯ ಗಂಗಾವತಿಗೆ ಸೇತುವೆಯುಂಟು. ಜಲಾಶಯದಿಂದ ನೀರು ಹೆಚ್ಚಾಗಿ ಬಿಟ್ಟ ವರ್ಷಗಳಲ್ಲಿ ಆ ಸೇತುವೆ ಮುಳುಗಿ ಸಂಚಾರ ನಿಲ್ಲುವುದೂ ಉಂಟು. ೨೦೨೪ರ ಆಗಸ್ಟಿನಲ್ಲಿ ಅಣೆಕಟ್ಟಿನ ೩೩ ತೂಬುಬಾಗಿಲುಗಳಲ್ಲಿ ಹತ್ತೊಂಬತ್ತನೆಯದು ಸರಪಳಿ ಕಡಿದು ಕೊಚ್ಚಿಹೋದಾಗ ಕೆಳದಂಡೆಯ ಊರುಗಳೆಲ್ಲ ಉಸಿರು ಬಿಗಿಹಿಡಿದಿದ್ದವು. ಆದಕಾರಣ ಕಂಪ್ಲಿಯಂಥ ಪಟ್ಟಣದಲ್ಲಿ ತೀರದ ವಿನ್ಯಾಸವು ನದಿಯ ಅಧಿಕಾರವನ್ನು ಒಪ್ಪಿಕೊಂಡು ಹೊರಡಬೇಕು. ಹೊಳೆಯ ಪಕ್ಕದಲ್ಲಿ ಕಟ್ಟಡ ಬೇಡ; ಸೋಪಾನ, ತೋಪು, ಸಂತೆಯ ಬಯಲು ಇರಲಿ. ನೀರು ಬಂದಾಗ ಮುಳುಗಿ, ಇಳಿದಾಗ ತೊಳೆದುಕೊಂಡು ಮತ್ತೆ ಜನರಿಗೆ ಒದಗುವಂಥವು ಅವು. ಹಂಪಿಯ ನದೀತೀರದ ಮಂಟಪಗಳು ಹೀಗೆಯೇ ಪ್ರವಾಹಕ್ಕೆ ತಲೆಬಾಗಿ ಶತಮಾನಗಳನ್ನು ಕಳೆದಿವೆ. ಪೇಟೆಯು ಮೇಲಿನ ನೆಲದಲ್ಲಿದ್ದು, ಅಲ್ಲಿಂದ ಹೊಳೆಗೆ ನೆರಳಿನ ದಾರಿಯೊಂದು ಇಳಿದರೆ ಸಾಕು.

೫. ಬೀದಿಯ ಜನ

ಇಷ್ಟೆಲ್ಲವನ್ನೂ ಕಲ್ಲು ಮರ ನೀರುಗಳ ವಿಷಯವೆಂದು ಮಾತ್ರ ತಿಳಿದರೆ ಕಾರ್ಯ ಕೆಡುತ್ತದೆ. ಇದಕ್ಕೆ ಹಂಪಿಯೇ ಪಾಠ. ಹಂಪಿಯು ೧೯೮೬ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ೧೯೯೯ರಿಂದ ೨೦೦೬ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿಯೂ ಇದ್ದಿತು. ವಿರೂಪಾಕ್ಷನ ಬೀದಿಯ ಮಂಟಪಗಳಲ್ಲಿ ಸಂಸಾರ ಹೂಡಿ, ಅಂಗಡಿ ಇಟ್ಟು ಬದುಕಿದ್ದ ಜನರ ಕಟ್ಟಡಗಳನ್ನು ೨೦೧೧ರ ಜುಲೈಯಲ್ಲಿ ತೆರ‍ವುಗೊಳಿಸಲಾಯಿತು. ಅವರಿಗೆ ಕಡ್ಡಿರಾಂಪುರದಲ್ಲಿ ಸ್ಥಳವನ್ನು ಗೊತ್ತುಮಾಡಲಾಯಿತು. ಸ್ಮಾರಕಗಳಿಗೆ ಒತ್ತುಗೋಡೆ ಕಟ್ಟಿದುದರಿಂದ ಹಾನಿಯಾಗುತ್ತಿದ್ದಿತೆಂಬುದು ಸತ್ಯ. ಕಂಬಗಳು ಈಗ ಸ್ಪಷ್ಟವಾಗಿ ಕಾಣುತ್ತವೆಂಬುದೂ ಸತ್ಯ. ಆದರೆ ಬೀದಿಯೆಂಬ ವಸ್ತುವಿನ ಪರಂಪರೆಯಲ್ಲಿ ಅದನ್ನು ಬಳಸುವ ಜನವೂ ಸೇರಿದೆಯೆಂಬ ಸತ್ಯಕ್ಕೆ ಅಂದು ತಕ್ಕ ಮನ್ನಣೆ ದೊರೆಯಲಿಲ್ಲವೆಂದು ನನ್ನ ದೃಢವಾದ ಅಭಿಪ್ರಾಯ. ಅಂಗಡಿಬೀದಿಯಾಗಿಯೇ ಹುಟ್ಟಿದ ಬೀದಿಯಿಂದ ಅಂಗಡಿಯನ್ನು ಕಳೆದರೆ ಉಳಿಯುವುದು ಶಿಲೆ. ಸ್ಮಾರಕಕ್ಕೆ ಧಕ್ಕೆಯಾಗದಂತೆ, ಶಾಶ್ವತ ಗೋಡೆಯಿಲ್ಲದಂತೆ, ಹೊತ್ತನ್ನು ಗೊತ್ತುಮಾಡಿ, ಹೂವು ಹಣ್ಣು ಕಾಯಿಯ ವ್ಯಾಪಾರವನ್ನು ಅಲ್ಲಿ ಉಳಿಸಿಕೊಳ್ಳುವ ಮಧ್ಯಮಮಾರ್ಗವು ಯೋಚನೆಗೆ ಮೀರಿದುದಾಗಿರಲಿಲ್ಲ.

ಹೊಸಪೇಟೆಯ ಪೇಟೆಯನ್ನು ಸುಧಾರಿಸುವಾಗ ಈ ತಪ್ಪು ಮರುಕಳಿಸಬಾರದು. ಕಾಲುದಾರಿಯನ್ನು ನಡೆಯುವವರಿಗೆ ಬಿಡಿಸಿಕೊಡುವ ಹೆಸರಿನಲ್ಲಿ ತಳ್ಳುಗಾಡಿಯ ಬಡವನನ್ನು ಓಡಿಸುವುದು ಸುಲಭ. ಆದರೆ ಅವನ ಬಾಳೆಹಣ್ಣಿಗೂ ಹೂ ಮಾರುವವಳ ಮಲ್ಲಿಗೆಯ ಮಾಲೆಗೂ ಆಸೆಪಟ್ಟೇ ಅರ್ಧ ಜನ ನಡೆದು ಬರುವುದು. ಬೀದಿಬದಿ ವ್ಯಾಪಾರಿಗಳ ೨೦೧೪ರ ಕಾಯಿದೆಯು ಪ್ರತಿ ಪಟ್ಟಣದಲ್ಲಿಯೂ ವ್ಯಾಪಾರ ಸಮಿತಿಯನ್ನು ರಚಿಸಬೇಕೆಂದೂ, ಅದರ ಸದಸ್ಯರಲ್ಲಿ ನೂರಕ್ಕೆ ನಾಲ್ವತ್ತು ಮಂದಿಗೆ ಕಡಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕೆಂದೂ, ಅವರಲ್ಲಿ ಮೂರರಲ್ಲೊಂದು ಪಾಲು ಹೆಂಗಸರಿರಬೇಕೆಂದೂ ವಿಧಿಸಿದೆ. ಆ ಸಮಿತಿಯು ಕುಳಿತು, ಬೀದಿಯಲ್ಲಿ ನಡಿಗೆಯ ಪಟ್ಟಿಯೊಂದು, ವ್ಯಾಪಾರದ ಪಟ್ಟಿಯೊಂದು ಎಂದು ಗೆರೆ ಹಾಕಿದರೆ ಇಬ್ಬರಿಗೂ ನ್ಯಾಯ ದೊರಕುತ್ತದೆ. ಸಂಡೂರಿನ ಲಂಬಾಣಿ ಹೆಣ್ಣುಮಕ್ಕಳ ಕಸೂತಿಗೆ ಭೌಗೋಳಿಕ ಸೂಚಿಯ ಮನ್ನಣೆಯುಂಟು. ಆ ಕೈಕೆಲಸವು ಸಂಡೂರಿನ ಪೇಟೆಯಲ್ಲಿಯೂ ಹೊಸಪೇಟೆಯ ಬೀದಿಯಲ್ಲಿಯೂ ಅದನ್ನು ಮಾಡಿದ ಕೈಗಳಿಂದಲೇ ಕೊಳ್ಳುವವರಿಗೆ ಸಿಗುವಂತಾದರೆ ಪೇಟೆಗೂ ಕಳೆ, ಕಸುಬಿಗೂ ಬಲ.

೬. ಆಕ್ಷೇಪಗಳ ಸಮಾಧಾನ

ಈ ವಿಚಾರಕ್ಕೆ ಬರುವ ಆಕ್ಷೇಪಗಳನ್ನು ಗೌರವದಿಂದ ಪರಿಗಣಿಸಬೇಕು. ಬಂಡಿ ನಿಲ್ಲಿಸಲು ಸ್ಥಳವಿಲ್ಲದಿದ್ದರೆ ಗಿರಾಕಿ ಬರುವುದಿಲ್ಲವೆಂಬುದು ವರ್ತಕರ ಭಯ. ೧೯೬೨ರಲ್ಲಿ ಕೋಪನ್‌ಹೇಗನ್ನಿನ ಸ್ಟ್ರೊಯೆಟ್ ಬೀದಿಯನ್ನು ಕಾರುಗಳಿಗೆ ಮುಚ್ಚಿದಾಗ ಅಲ್ಲಿಯ ವರ್ತಕರೂ ಇದನ್ನೇ ಹೇಳಿದರು. ಕೆಲಕಾಲದಲ್ಲಿಯೇ ಅದು ಆ ನಗರದ ಪ್ರಧಾನ ಅಂಗಡಿಬೀದಿಯಾಗಿ ನೆಲೆನಿಂತಿತು. ನಮ್ಮ ಬೆಂಗಳೂರಿನಲ್ಲಿಯೂ ಚರ್ಚ್ ಸ್ಟ್ರೀಟನ್ನು ಕಲ್ಲುಹಾಸಿ ೨೦೧೮ರಲ್ಲಿ ತೆರೆದ ಮೇಲೆ ಅಲ್ಲಿ ನಡೆದಾಡುವವರ ದಟ್ಟಣೆ ಎಷ್ಟೆಂಬುದನ್ನು ಕಂಡವರು ಬಲ್ಲರು. ಆ ಊರುಗಳ ಸಿರಿ ನಮಗಿಲ್ಲವೆಂಬುದು ನಿಜ. ಆದರೆ ಒಂದು ಕಾರು ನಿಲ್ಲುವ ಸ್ಥಳದಲ್ಲಿ ಗಿರಾಕಿಗಳು ಹತ್ತು ಮಂದಿ ನಿಲ್ಲಬಹುದೆಂಬ ಲೆಕ್ಕ ಸಿರಿಯನ್ನು ಅವಲಂಬಿಸಿದುದಲ್ಲ.

ಮುದುಕರಿಗೂ ಅಶಕ್ತರಿಗೂ ವಾಹನವೇ ಗತಿಯೆಂಬುದು ಎರಡನೆಯ ಆಕ್ಷೇಪ. ಪೇಟೆಯ ಅಂಚಿಗೆ ಆಟೋ ನಿಲ್ದಾಣ, ಅಶಕ್ತರ ವಾಹನಕ್ಕೆ ಒಳಪ್ರವೇಶ, ಸರಕಿನ ಗಾಡಿಗಳಿಗೆ ಬೆಳಗಿನ ಹೊತ್ತು ಇವನ್ನು ಗೊತ್ತುಮಾಡಿದರೆ ಅದು ಪರಿಹಾರವಾಗುತ್ತದೆ. ವಾಸ್ತವವಾಗಿ ಇಂದಿನ ಪೇಟೆಯಲ್ಲಿ ಹೆಚ್ಚು ಕಷ್ಟಪಡುತ್ತಿರುವವರು ಆ ಮುದುಕರೇ. ಹಣವೆಲ್ಲಿಂದ ಎಂಬುದು ಮೂರನೆಯದು. ಕಾಲುದಾರಿಯು ಮೇಲ್ಸೇತುವೆಗಿಂತ ಎಷ್ಟೋ ಅಗ್ಗ. ಮರವು ಎಲ್ಲಕ್ಕಿಂತ ಅಗ್ಗ. ಕೊರತೆಯಿರುವುದು ಹಣಕ್ಕಿಂತ ಹೆಚ್ಚಾಗಿ ಕ್ರಮಕ್ಕೆ: ರಸ್ತೆ ಹಾಕಿದ ಮೇಲೆ ಕೊಳವೆಗಾಗಿ ಅಗೆಯುವ, ಅಗೆದ ಮೇಲೆ ತಂತಿಗಾಗಿ ಮತ್ತೆ ಅಗೆಯುವ ನಮ್ಮ ಪದ್ಧತಿಯಲ್ಲಿ ಮಣ್ಣುಪಾಲಾಗುವ ಹಣವೇ ಒಂದೊಂದು ಬೀದಿಗೆ ಕಾಲುದಾರಿಯನ್ನು ಕೊಟ್ಟೀತು.

೭. ಕರ್ತವ್ಯ

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯು ೧೯೬೧ರದು. ನಗರಸಭೆಗಳಿಗೆ ಸಂವಿಧಾನದ ಆಧಾರವನ್ನು ಕೊಟ್ಟ ಎಪ್ಪತ್ತನಾಲ್ಕನೆಯ ತಿದ್ದುಪಡಿಯು ೧೯೯೨ರದು. ಕಾನೂನಿನ ಅಭಾವ ನಮಗಿಲ್ಲ. ಊರಿನ ಮಹಾಯೋಜನೆಯ ಕರಡು ಪ್ರಕಟವಾದಾಗ ಅದನ್ನು ತರಿಸಿ ಓದುವ, ಆಕ್ಷೇಪವನ್ನು ಬರೆದು ಸಲ್ಲಿಸುವ ನಾಗರಿಕರ ಅಭಾವವಿದೆ. ಯೋಜನೆಯೆಂದರೆ ಬಣ್ಣದ ನಕ್ಷೆಯೆಂದು ನಾವು ಬಗೆದಿದ್ದೇವೆ. ಅದು ನಮ್ಮ ಮಕ್ಕಳು ಶಾಲೆಗೆ ನಡೆದು ಹೋಗಬಲ್ಲರೆ ಇಲ್ಲವೆ ಎಂಬುದನ್ನು ಹಲವು ವರ್ಷ ಮೊದಲೇ ತೀರ್ಮಾನಿಸುವ ಶಾಸನ.

ಇಡೀ ಊರನ್ನು ಒಮ್ಮೆಗೇ ಬದಲಿಸಬೇಕೆಂದು ನಾನು ಕೇಳುವುದಿಲ್ಲ. ಹೊಸಪೇಟೆಯ ನಡುಪೇಟೆಯಲ್ಲಿ ಒಂದೇ ಒಂದು ಬೀದಿಯನ್ನು ಆರಿಸಿಕೊಳ್ಳಿ. ನಗರಸಭೆಯ ಎಂಜಿನಿಯರು, ವರ್ತಕರ ಪ್ರತಿನಿಧಿ, ತಳ್ಳುಗಾಡಿಯ ವ್ಯಾಪಾರಿ, ಶಾಲೆಯ ಹುಡುಗಿ, ಊರುಗೋಲಿನ ಹಿರಿಯ ಇವರು ಒಟ್ಟಾಗಿ ಆ ಬೀದಿಯನ್ನು ಈ ತುದಿಯಿಂದ ಆ ತುದಿಯವರೆಗೆ ಬೇಸಗೆಯ ಮಧ್ಯಾಹ್ನದಲ್ಲಿ ಒಮ್ಮೆ, ಮಳೆಗಾಲದ ಸಂಜೆಯಲ್ಲಿ ಒಮ್ಮೆ ನಡೆಯಲಿ. ಎಡವಿದಲ್ಲೆಲ್ಲ ಗುರುತು ಹಾಕಲಿ. ಆ ಗುರುತುಗಳೇ ಯೋಜನೆಯ ಮೊದಲ ಕರಡು. ಕೊಳವೆ, ತಂತಿ, ಚರಂಡಿಗಳನ್ನು ಒಮ್ಮೆಗೇ ನೆಲದಡಿ ಸರಿಪಡಿಸಿ, ಮೇಲೆ ಸಮತಟ್ಟಾದ ಕಾಲುದಾರಿಯನ್ನೂ ನೆರಳನ್ನೂ ಕಟ್ಟೆಗಳನ್ನೂ ಒದಗಿಸಿ, ಎರಡು ವರ್ಷ ಅದರ ಫಲವನ್ನು ನೋಡಿ. ಒಳ್ಳೆಯದಾಯಿತೆಂದು ಕಂಡರೆ ಎರಡನೆಯ ಬೀದಿಗೆ ಆ ಬೀದಿಯವರೇ ಬಂದು ಕೇಳುತ್ತಾರೆ. ಬಳಿಕ ಕಾಲುವೆಯ ದಂಡೆ, ಬಳಿಕ ಕಂಪ್ಲಿಯ ತೀರ, ಸಂಡೂರಿನ ಪೇಟೆ.

ಮಹನೀಯರೇ, ನಮ್ಮ ಹಿರಿಯರು ಈ ಸೀಮೆಯಲ್ಲಿ ಬಂಡೆಯನ್ನು ಒಡೆದು ಬೀದಿ ಮಾಡಿದರು, ಹೊಳೆಯನ್ನು ತಿರುಗಿಸಿ ಊರಿಗೆ ತಂದರು. ನಮ್ಮ ಪಾಲಿಗೆ ಬಂದಿರುವುದು ಅದಕ್ಕಿಂತ ಬಹಳ ಸಣ್ಣ ಕೆಲಸ: ಮನುಷ್ಯನಿಗೆ ತನ್ನ ಊರಿನಲ್ಲಿ ನಡೆಯಲು ಆರು ಅಡಿ ಅಗಲದ, ನೆರಳುಳ್ಳ, ಸಮತಟ್ಟಾದ ದಾರಿ. ನಗರಸಭೆಯ ಮುಂದಿನ ಆಯವ್ಯಯದಲ್ಲಿ ಒಂದು ಬೀದಿಗಾದರೂ ಅದನ್ನು ಬರೆಯಿಸುವ ಹೊಣೆಯನ್ನು ತಾವೆಲ್ಲರೂ ವಹಿಸಿಕೊಳ್ಳಬೇಕೆಂದು ಪ್ರಾರ್ಥಿಸಿ ನನ್ನ ಮಾತನ್ನು ಮುಗಿಸುತ್ತೇನೆ.